ತಮ್ಮನ ಮದುವೆ ಚರ್ಚಿನಲ್ಲಿ: ನಮ್ಮ ಮನೆಯವರ ಪ್ರಶ್ನೆಗಳಿಗೆ ತಿಳಿದವರು ಉತ್ತರ ಕೊಡಿ

ಕೊಪ್ಪಳದ ಅಕ್ಕ

ಎಲ್ಲರಿಗೂ ಶರಣು. ನಾವು ಕೊಪ್ಪಳ ತಾಲ್ಲೂಕಿನ ಲಿಂಗಾಯತರು, ಒಕ್ಕಲುತನದ ಮನೆ. ನನ್ನ ತಮ್ಮನಿಗೂ ಬಳ್ಳಾರಿಯ ಕ್ಯಾಥೋಲಿಕ್ ಹುಡುಗಿಗೂ ಮದುವೆ ನಿಶ್ಚಯವಾಗಿದೆ. ಇಬ್ಬರೂ ತೋರಣಗಲ್ಲಿನಲ್ಲಿ ಒಂದೇ ಕಡೆ ಕೆಲಸ ಮಾಡುತ್ತಾರೆ. ಎರಡೂ ಮನೆಯವರು ಒಪ್ಪಿದ್ದಾರೆ, ಜಗಳವಿಲ್ಲ. ಆದರೆ ಒಪ್ಪಿಗೆಯಾದ ದಿನದಿಂದ ಮನೆಯಲ್ಲಿ ಪ್ರಶ್ನೆಗಳು ನಿಂತಿಲ್ಲ, ಉತ್ತರ ಹೇಳಬೇಕಾದವಳು ನಾನು. ಬೀಗರನ್ನು ನೇರವಾಗಿ ಕೇಳಿದರೆ ಎಲ್ಲಿ ತಪ್ಪು ತಿಳಿಯುತ್ತಾರೋ ಎಂಬ ಸಂಕೋಚ.

ಅಪ್ಪನ ಪ್ರಶ್ನೆ ಒಂದೇ: ಹುಡುಗ ಮತಾಂತರವಾಗಬೇಕೇ? ಅವ್ವನ ಪ್ರಶ್ನೆಗಳು ಬೇರೆ. ಕೊರಳಲ್ಲಿ ಇಷ್ಟಲಿಂಗ ಇರುವವರು ಚರ್ಚಿನೊಳಗೆ ಹೋಗಬಹುದೇ? ಅಲ್ಲಿ ಬಿಳಿಯ ಬಿಲ್ಲೆಯಂಥದ್ದನ್ನು ಬಾಯಿಗೆ ಹಾಕುತ್ತಾರಂತೆ, ಬೇಡ ಎಂದರೆ ಅವಮಾನವಾಗುತ್ತದೆಯೇ? ಸೊಸೆ ತಾಳಿ ಕಟ್ಟಿಸಿಕೊಳ್ಳುತ್ತಾಳೆಯೇ, ಕುಂಕುಮ ಇಡುತ್ತಾಳೆಯೇ? ಚಿಕ್ಕಪ್ಪ ಮುಂದಿನದನ್ನೇ ಕೇಳುತ್ತಾರೆ: ಹುಟ್ಟುವ ಮಕ್ಕಳು ಯಾರ ಕಡೆ? ದಯವಿಟ್ಟು ವಾದಕ್ಕೆ ಇಳಿಯದೆ, ಗೊತ್ತಿರುವುದನ್ನು ಗೊತ್ತಿರುವ ಹಾಗೆ ಹೇಳಿ.

ಕೌಲ್‌ಬಜಾರ್ ಉಪದೇಶಿ

ಅಕ್ಕನವರೇ, ನಾನು ಬಳ್ಳಾರಿಯವನು. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಭಾಗದ ಚರ್ಚಿನಲ್ಲಿ, ಮಕ್ಕಳಿಗೆ ಧರ್ಮೋಪದೇಶ ಹೇಳುತ್ತೇನೆ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಮದುವೆಗೆ ಮೊದಲು ಕೇಳದೆ ಬಿಟ್ಟ ಪ್ರಶ್ನೆ ಮದುವೆಯ ನಂತರ ಮನೆಯನ್ನು ಒಡೆಯುವುದನ್ನು ನಾನು ನೋಡಿದ್ದೇನೆ, ಅದಕ್ಕಾಗಿ ವಿವರವಾಗಿ ಬರೆಯುತ್ತೇನೆ.

ಮತಾಂತರ ಬೇಕಿಲ್ಲ. ಕ್ಯಾಥೋಲಿಕ್ ಹುಡುಗಿ ಸ್ನಾನದೀಕ್ಷೆ (ನೀರಿನಿಂದ ಕ್ರೈಸ್ತರಾಗಿಸುವ ಸಂಸ್ಕಾರ, ಬ್ಯಾಪ್ಟಿಸಮ್) ಪಡೆಯದ ಹುಡುಗನನ್ನು ಚರ್ಚಿನಲ್ಲಿ ಮದುವೆಯಾಗಲು ಧರ್ಮಾಧ್ಯಕ್ಷರಿಂದ, ಅಂದರೆ ಬಿಷಪ್ಪರಿಂದ, ವಿಶೇಷ ಅನುಮತಿ ಬೇಕು. ಸ್ಥಳೀಯ ಗುರುಗಳ, ಅಂದರೆ ಪಾದ್ರಿಗಳ, ಮೂಲಕ ಅರ್ಜಿ ಹೋಗುತ್ತದೆ. ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಇಲ್ಲಿಯ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, 1949ರಲ್ಲಿ ಆದದ್ದು, ರಾಯಚೂರು ಮತ್ತು ಕೊಪ್ಪಳ ಸೀಮೆಯೂ ಅದರೊಳಗೇ ಬರುತ್ತದೆ. ಹಾಗಾಗಿ ಕಾಗದಪತ್ರಕ್ಕೆ ದೂರ ಹೋಗಬೇಕಾಗುವುದಿಲ್ಲ. ನಿಮ್ಮ ತಮ್ಮ ಲಿಂಗಾಯತನಾಗಿಯೇ ಬಂದು, ಲಿಂಗಾಯತನಾಗಿಯೇ ಮದುವೆಯಾಗಿ ಹೊರಗೆ ಬರಬಹುದು. ಯಾರಾದರೂ "ದೀಕ್ಷೆ ತೆಗೆದುಕೊಂಡರೆ ಮಾತ್ರ ಮದುವೆ" ಎಂದರೆ ಅದು ಕ್ಯಾಥೋಲಿಕ್ ಸಭೆಯ (ಚರ್ಚ್ ಸಂಸ್ಥೆಯ) ಕಾನೂನಲ್ಲ.

ಆದರೆ ಆ ಅನುಮತಿಗೆ ಒಂದು ಷರತ್ತಿದೆ. ಇದನ್ನು ನಿಮ್ಮ ಚಿಕ್ಕಪ್ಪನವರಿಗೆ ಮುಚ್ಚಿಡದೆ ಓದಿ ಹೇಳಿ. ಹುಡುಗಿ ತನ್ನ ವಿಶ್ವಾಸವನ್ನು ಬಿಡುವುದಿಲ್ಲ ಎಂದೂ, ಹುಟ್ಟುವ ಮಕ್ಕಳಿಗೆ ಕ್ಯಾಥೋಲಿಕ್ ಸ್ನಾನದೀಕ್ಷೆ ಕೊಡಿಸಿ ಅದೇ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದ ಆಗುವಷ್ಟು ಪ್ರಯತ್ನಿಸುತ್ತೇನೆ ಎಂದೂ ಮಾತು ಕೊಡಬೇಕು. ಮಾತು ಕೊಡುವವಳು ಹುಡುಗಿ, ಹುಡುಗನಲ್ಲ. ಹುಡುಗನಿಗೆ ಈ ಮಾತಿನ ವಿಷಯ ತಿಳಿಸಿರಬೇಕು, ಅಷ್ಟೇ. ಆದರೂ ಇದು ಸಣ್ಣ ವಿಷಯವಲ್ಲ. ಕೆಲವು ಮನೆಗಳಲ್ಲಿ ಹುಡುಗ ಇದನ್ನು ಹೆತ್ತವರಿಗೆ ಹೇಳದೆ ಉಳಿಸಿಕೊಳ್ಳುತ್ತಾನೆ, ಮಗುವಿನ ತೊಟ್ಟಿಲ ಹೊತ್ತಿಗೆ ಬಿರುಗಾಳಿ ಏಳುತ್ತದೆ. ಎರಡೂ ಕಡೆಯ ಹಿರಿಯರು ಒಂದೇ ಕೋಣೆಯಲ್ಲಿ ಕುಳಿತಿರುವಾಗ ಇದನ್ನು ಬಾಯಿಬಿಟ್ಟು ಹೇಳಿಸಿ. ನನ್ನ ಕೈಲಾದರೆ ಪ್ರತಿ ಅಂತರಧರ್ಮೀಯ ಮದುವೆಗೂ ಇದನ್ನು ಕಡ್ಡಾಯ ಮಾಡುತ್ತಿದ್ದೆ.

ಅವ್ವನವರು ಧಾರಾಳವಾಗಿ ಒಳಗೆ ಬರಲಿ. ಲಿಂಗ, ವಿಭೂತಿ, ಕುಂಕುಮ ಯಾವುದನ್ನೂ ತೆಗೆಯಬೇಕಾಗಿಲ್ಲ. ಎಲ್ಲರೂ ಮೊಣಕಾಲೂರಿದಾಗ ಅವರು ಸುಮ್ಮನೆ ಕುಳಿತಿರಬಹುದು. ಬಿಳಿಯ ಬಿಲ್ಲೆ ಎಂದದ್ದು ಪರಮಪ್ರಸಾದ, ಹುಳಿ ಬೆರೆಸದ ಗೋಧಿ ಹಿಟ್ಟಿನ ರೊಟ್ಟಿ. ದಿವ್ಯ ಬಲಿಪೂಜೆಯಲ್ಲಿ (ಮಾಸ್ ಎನ್ನುವ ಚರ್ಚಿನ ಮುಖ್ಯ ಆರಾಧನೆಯಲ್ಲಿ) ಗುರುಗಳು ಅರ್ಪಿಸಿದ ಮೇಲೆ ಅದು ಕ್ರಿಸ್ತನ ದೇಹವೇ ಆಗುತ್ತದೆ ಎಂಬುದು ನಮ್ಮ ವಿಶ್ವಾಸ, ಸಂಕೇತ ಮಾತ್ರವಲ್ಲ. ಆದ್ದರಿಂದ ಬಂದವರಿಗೆಲ್ಲ ಹಂಚುವ ಪ್ರಸಾದದಂತೆ ಅದನ್ನು ಕೊಡುವುದಿಲ್ಲ. ದೀಕ್ಷೆ ಪಡೆದ ಕ್ಯಾಥೋಲಿಕರು, ಅದಕ್ಕೆ ಒಂದು ಗಂಟೆ ಮೊದಲಿನಿಂದ ಏನನ್ನೂ ತಿನ್ನದೆ, ದೊಡ್ಡ ಪಾಪ ಮಾಡಿದ್ದರೆ ಪಾಪನಿವೇದನೆ ಮಾಡಿಕೊಂಡು, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು, ಸ್ವೀಕರಿಸಬೇಕು. ಬೇಡ ಎಂದರೆ ಅವಮಾನವಲ್ಲ, ಸಾಲಿಗೆ ಹೋಗದೆ ಕುಳಿತಿರುವುದೇ ಸರಿ. ಇನ್ನೂ ಒಂದು ವಿಷಯ: ವಧುವರರಲ್ಲಿ ಒಬ್ಬರು ಕ್ರೈಸ್ತರಲ್ಲದಿದ್ದರೆ ಸಾಮಾನ್ಯವಾಗಿ ಬಲಿಪೂಜೆಯಿಲ್ಲದೆ, ಬೈಬಲ್ ವಾಚನ, ಪ್ರವಚನ, ಮದುವೆಯ ಒಪ್ಪಿಗೆ, ಪ್ರಾರ್ಥನೆ ಇಷ್ಟರಲ್ಲೇ ವಿಧಿ ಮುಗಿಯುತ್ತದೆ. ಹಾಗಾದರೆ ಅವ್ವನವರ ಈ ಪ್ರಶ್ನೆಯೇ ಏಳುವುದಿಲ್ಲ.

ಗಂಗಾವತಿ ವಕೀಲ

ಉಪದೇಶಿಯವರು ಸಭೆಯ ಕಡೆಯಿಂದ ಹೇಳಿದರು, ನಾನು ಕಾಯ್ದೆಯ ಕಡೆಯಿಂದ ಹೇಳುತ್ತೇನೆ. ನಮ್ಮ ಭಾಗದಲ್ಲಿ ಬಹಳ ಜನ ಮಾಡುವ ಕೆಲಸವೆಂದರೆ, ಮಠದಲ್ಲೋ ಗುಡಿಯಲ್ಲೋ ತಾಳಿ ಕಟ್ಟಿಸಿ ಹಿಂದೂ ವಿವಾಹ ಎಂದು ನೋಂದಣಿ ಮಾಡಿಸುವುದು. ಹಿಂದೂ ವಿವಾಹ ಕಾಯ್ದೆ 1955 ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಆ ಕಾಯ್ದೆಯ ಮಟ್ಟಿಗೆ ಲಿಂಗಾಯತರು ಹಿಂದೂ ಎಂಬುದರೊಳಗೇ ಬರುತ್ತಾರೆ, ಕ್ರೈಸ್ತರು ಬರುವುದಿಲ್ಲ. ಹಿಂದೂ ಮತ್ತು ಕ್ರೈಸ್ತರ ನಡುವೆ ಆ ಕಾಯ್ದೆಯಡಿ ನಡೆದ ಮದುವೆ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅದು ಪಕ್ಕದ ಆಂಧ್ರದಿಂದ ಹೋದ ಪ್ರಕರಣ. ನಾಳೆ ಹೆಂಡತಿಯ ಹಕ್ಕು, ಮಗುವಿನ ಹಕ್ಕು ಎಂದು ಕೋರ್ಟಿಗೆ ಹೋದಾಗ ಮದುವೆಯೇ ಇಲ್ಲ ಎಂದಾಗಬಾರದು.

ದಾರಿ ಎರಡಿವೆ. ಒಂದು, ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872. ವಧುವರರಲ್ಲಿ ಒಬ್ಬರೇ ಕ್ರೈಸ್ತರಾಗಿದ್ದರೂ ಅದು ಅನ್ವಯಿಸುತ್ತದೆ. ಇನ್ನೊಂದು, ವಿಶೇಷ ವಿವಾಹ ಕಾಯ್ದೆ 1954. ಇದಕ್ಕೆ ಉಪನೋಂದಣಿ ಕಚೇರಿಯಲ್ಲಿ 30 ದಿನದ ನೋಟಿಸು ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ಮೂವರು ಸಾಕ್ಷಿಗಳು ಬೇಕು. ಹೊಲಮನೆ ಇರುವವರು ಈ ಕಾಯ್ದೆಯ 19ನೇ ಕಲಮನ್ನು ಓದಿಯೇ ಮುಂದೆ ಹೋಗಬೇಕು. ಅವಿಭಕ್ತ ಕುಟುಂಬದ ಹಿಂದೂ ಸದಸ್ಯ ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ವಿಭಕ್ತನಾದಂತೆ ಎಂದು ಅದರಲ್ಲಿದೆ.

ಕೊಪ್ಪಳದ ಅಕ್ಕ

ವಕೀಲರೇ, ನಿಮ್ಮ ಕೊನೆಯ ಸಾಲನ್ನು ಓದಿ ಹೇಳಿದ ಮೇಲೆ ಅಪ್ಪ ಊಟ ಮಾಡಿಲ್ಲ. ವಿಭಕ್ತ ಎಂದರೆ ತಮ್ಮನಿಗೆ ಹೊಲದಲ್ಲಿ ಪಾಲು ಹೋಗುತ್ತದೆ ಎಂದು ಅರ್ಥವೇ?

ಗಂಗಾವತಿ ವಕೀಲ

ಇಲ್ಲ ತಾಯಿ, ಪಾಲು ಹೋಗುವುದಿಲ್ಲ. ಮದುವೆಯ ದಿನಕ್ಕೆ ಅವರ ಪಾಲು ಲೆಕ್ಕದಲ್ಲಿ ಪ್ರತ್ಯೇಕವಾದಂತೆ ಎಂದು ಮಾತ್ರ ಅರ್ಥ. ಪಾಲು ಅವರದ್ದೇ. ವ್ಯತ್ಯಾಸ ಬೀಳುವುದು ಮುಂದೆ: ಆ ಕಾಯ್ದೆಯಡಿ ಮದುವೆಯಾದವರ ಆಸ್ತಿ ಅವರ ನಂತರ ಯಾರಿಗೆ ಎಂಬುದನ್ನು ಭಾರತೀಯ ಉತ್ತರಾಧಿಕಾರ ಕಾಯ್ದೆ 1925 ನಿರ್ಧರಿಸುತ್ತದೆ. ಚರ್ಚಿನಲ್ಲಿ 1872ರ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನ ಮಾತು ಬರುವುದಿಲ್ಲ. ತಂದೆಯವರಿಗೆ ಇಷ್ಟು ಹೇಳಿ ಮೊದಲು ಊಟ ಮಾಡಿಸಿ. ಪಹಣಿ ಮತ್ತು ಕುಟುಂಬ ವೃಕ್ಷ ಹಿಡಿದುಕೊಂಡು ಊರಿನ ಯಾವುದಾದರೂ ವಕೀಲರನ್ನು ಕಂಡರೆ ಅರ್ಧ ದಿನದಲ್ಲಿ ತಿಳಿಯಾಗುತ್ತದೆ.

ಕೌಲ್‌ಬಜಾರ್ ಉಪದೇಶಿ

ವಕೀಲರ ಮಾತಿಗೆ ಒಂದನ್ನು ಸೇರಿಸಬೇಕು. ನೋಂದಣಿ ಕಚೇರಿಯಲ್ಲಿ ಮಾತ್ರ ಮದುವೆಯಾಗಿ, ಬಿಷಪ್ಪರ ಅನುಮತಿ ತೆಗೆದುಕೊಳ್ಳದೆ ಇದ್ದರೆ ಸರ್ಕಾರದ ಕಣ್ಣಿಗೆ ಮದುವೆ, ಸಭೆಯ ಕಣ್ಣಿಗೆ ಅಲ್ಲ. ಆಗ ಹುಡುಗಿ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ವಾರವಾರವೂ ಚರ್ಚಿಗೆ ಹೋಗಿ ಸಾಲಿನಿಂದ ಹೊರಗೆ ಕೂರುವುದು ವಿಶ್ವಾಸಿಗೆ ದೊಡ್ಡ ನೋವು. ಅನುಮತಿ ತೆಗೆದುಕೊಳ್ಳುವುದು ಕಷ್ಟವಲ್ಲ, ಅದನ್ನು ಬಿಡಬೇಡಿ.

ಮುದಗಲ್ಲಿನ ಹುಡುಗಿ

ಅಕ್ಕಾ, ತಾಳಿ ಮತ್ತು ಕುಂಕುಮದ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಲಿಂಗಸುಗೂರು ತಾಲ್ಲೂಕಿನ ಮುದಗಲ್. ಇಲ್ಲಿಯ ಕ್ಯಾಥೋಲಿಕ್ ಚರ್ಚ್ 16ನೇ ಶತಮಾನದ ಯೇಸುಸಭೆಯ (ಜೆಸ್ವಿಟ್) ಗುರುಗಳ ಕಾಲದ್ದು. ಬಿಜಾಪುರದ ಆದಿಲ್‌ಶಾಹಿ ದೊರೆಗಳ ಆಳ್ವಿಕೆಯಲ್ಲೇ ಇಲ್ಲಿ ಕ್ರೈಸ್ತರಿದ್ದರು. ಇಷ್ಟು ಹಳೆಯ ಊರಿನವರಾದ ನಮ್ಮ ಮನೆಗಳಲ್ಲಿ ಮದುವೆಗೆ ಅರಿಶಿನ ಹಚ್ಚುತ್ತೇವೆ, ಹಂದರ ಹಾಕುತ್ತೇವೆ, ಬಳೆ ಇಡಿಸುತ್ತೇವೆ. ಗುರುಗಳು ತಾಳಿಯನ್ನೂ ಉಂಗುರವನ್ನೂ ಮಂತ್ರಿಸಿ ಕೊಡುತ್ತಾರೆ, ಹುಡುಗ ಪೀಠದ ಮುಂದೆಯೇ ತಾಳಿ ಕಟ್ಟುತ್ತಾನೆ. ಹಲವು ಮನೆಗಳಲ್ಲಿ ತಾಳಿಯ ಮೇಲೆ ಚಿಕ್ಕ ಶಿಲುಬೆ ಇರುತ್ತದೆ. ಅದು ಇರಲೇಬೇಕು ಎಂಬ ನಿಯಮವಿಲ್ಲ. ಎರಡೂ ಮನೆಯವರು ಕೂತು ಒಪ್ಪುವಂಥ ತಾಳಿ ಮಾಡಿಸಿ.

ಕುಂಕುಮ ಕೆಲವರು ಇಡುತ್ತಾರೆ, ಕೆಲವರು ಇಡುವುದಿಲ್ಲ. ಸಭೆ ಅದನ್ನು ಪಾಪ ಎನ್ನುವುದಿಲ್ಲ, ಇಡಲೇಬೇಕೆಂದೂ ಹೇಳುವುದಿಲ್ಲ. ನಿಮ್ಮ ಸೊಸೆಯನ್ನು ಒಮ್ಮೆ ನೀವೇ ಕೇಳಿ, ಅವಳು ಹೇಳಿದ್ದನ್ನು ಒಪ್ಪಿಕೊಳ್ಳಿ. ನನ್ನ ದೊಡ್ಡಕ್ಕ ಹಿಂದೂ ಮನೆಗೆ ಸೊಸೆಯಾಗಿ ಹೋದವಳು. ಅವಳಿಗೆ ಹಬ್ಬಹುಣ್ಣಿಮೆ ಕಷ್ಟವಾಗಲಿಲ್ಲ. ಏನು ಮಾಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳದೆ, ಮಾಡದಿದ್ದಾಗ ಮಾತ್ರ ಮುಖ ತಿರುಗಿಸುತ್ತಿದ್ದದ್ದು ಕಷ್ಟವಾಯಿತು.

ಊರಿನ ಬಗ್ಗೆ ಇನ್ನೊಂದು ಮಾತು. ಮುದಗಲ್ಲಿನ ಮೊಹರಂ ಇಡೀ ಕಲ್ಯಾಣ ಕರ್ನಾಟಕಕ್ಕೆ ಹೆಸರಾದದ್ದು. ಆಲಂಗಳನ್ನು ನೋಡಲು ಎಲ್ಲ ಧರ್ಮದವರೂ ನಿಲ್ಲುತ್ತಾರೆ, ನಾವೂ ನಿಲ್ಲುತ್ತೇವೆ. ನಿಂತು ನೋಡಿದ್ದಕ್ಕೆ ನಮ್ಮ ಗುರುಗಳು ಯಾರನ್ನೂ ಬೈದದ್ದಿಲ್ಲ.

ರಾಯಚೂರು ಮೆಥಡಿಸ್ಟ್

ಇಲ್ಲಿಯವರೆಗೆ ಎಲ್ಲರೂ "ಚರ್ಚ್" ಎಂದರೆ ಕ್ಯಾಥೋಲಿಕ್ ಚರ್ಚ್ ಎಂಬಂತೆಯೇ ಮಾತನಾಡಿದ್ದಾರೆ. ಅಕ್ಕನವರ ಬೀಗರು ಕ್ಯಾಥೋಲಿಕರಾದ್ದರಿಂದ ಅದು ಸರಿಯೇ. ಆದರೆ ಈ ಚರ್ಚೆಯನ್ನು ಮುಂದೆ ಓದುವ ಬೇರೆಯವರು ಗೊಂದಲಪಡಬಾರದು. ನಾನು ಮೆಥಡಿಸ್ಟ್ ಸಭೆಯವಳು, ನಿವೃತ್ತ ನರ್ಸ್. ನಮ್ಮಲ್ಲೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೂ, ಎರಡೂ ಪ್ರಾಟೆಸ್ಟಂಟ್ ಆದ್ದರಿಂದ, ಹಲವು ಸಂಗತಿಗಳು ಬೇರೆ.

ಕ್ಯಾಥೋಲಿಕರಿಗೆ ಏಳು ಸಂಸ್ಕಾರಗಳು. ನಮಗೆ ಕ್ರಿಸ್ತನೇ ನೇಮಿಸಿದ್ದು ಎಂದು ಸುವಾರ್ತೆಯಲ್ಲಿ ಕಾಣುವ ಎರಡು ಮಾತ್ರ: ದೀಕ್ಷಾಸ್ನಾನ (ಅವರು ಸ್ನಾನದೀಕ್ಷೆ ಎನ್ನುವುದು) ಮತ್ತು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವುದು). ಮದುವೆಯನ್ನು ನಾವೂ ದೇವರ ಮುಂದಿನ ಪವಿತ್ರ ಒಡಂಬಡಿಕೆ ಎನ್ನುತ್ತೇವೆ, ಸಂಸ್ಕಾರ ಎನ್ನುವುದಿಲ್ಲ. ನಮ್ಮ ದೇವಾಲಯದಲ್ಲಿ ಪ್ರತಿಮೆಗಳಿರುವುದಿಲ್ಲ. ಶಿಲುಬೆ ಇರುತ್ತದೆ, ಅದರ ಮೇಲೆ ಯೇಸುವಿನ ದೇಹವಿರುವುದಿಲ್ಲ. ಅವರ ಬೈಬಲ್‌ನಲ್ಲಿ 73 ಪುಸ್ತಕಗಳು, ನಮ್ಮದರಲ್ಲಿ 66. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯವು, ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಮ್ಮ ಸಭಾಪಾಲಕರು ಮದುವೆಯಾಗಿ ಸಂಸಾರ ಮಾಡುತ್ತಾರೆ, ಕ್ಯಾಥೋಲಿಕ್ ಗುರುಗಳು ಬ್ರಹ್ಮಚಾರಿಗಳು.

ಇದನ್ನು ಹೇಳುವಾಗ ನನಗೆ ಹೆಮ್ಮೆ, ಮುಚ್ಚಿಡುವುದಿಲ್ಲ: ನಮ್ಮಲ್ಲಿ ಹೆಂಗಸರೂ ಸಭಾಪಾಲಕರಾಗುತ್ತಾರೆ. ಸಿಎಸ್‌ಐ ಸಭೆಯಲ್ಲಿ 2013ರಲ್ಲಿ ಒಬ್ಬ ಮಹಿಳೆ ಬಿಷಪ್ ಆದರು, ಅದೂ ದೂರದಲ್ಲೆಲ್ಲೋ ಅಲ್ಲ, ಆಂಧ್ರದ ನಂದ್ಯಾಲದಲ್ಲಿ. ಆ ಸುದ್ದಿ ಕೇಳಿದ ದಿನ ನಮ್ಮ ಮಹಿಳಾ ಸಂಘದವರು ಕೂಡಿ ಸ್ತೋತ್ರ ಸಲ್ಲಿಸಿದೆವು.

ಬಳ್ಳಾರಿಯವರಿಗೆ ಒಂದು ನೆನಪು ಮಾಡುತ್ತೇನೆ. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಿಮ್ಮ ಊರಿನಲ್ಲಿ. ಕನ್ನಡ ಬೈಬಲ್‌ನ ಮೊದಲ ಕೆಲಸ ಅಲ್ಲಿ ನಡೆದು 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡಕ್ಕೆ ಬಂತು. ಕರಾವಳಿಯ ಮಿಷನ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಳ್ಳಾರಿಯ ಆ ಕೆಲಸವನ್ನು ನಮ್ಮ ಭಾಗದವರೇ ಮರೆತಿದ್ದಾರೆ.

ಸಿಂಧನೂರು ಕ್ಯಾಂಪಿನವನು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಪೆಂತೆಕೊಸ್ತು ಸಭೆ, ಕಾಲುವೆ ಬಂದಾಗ ನೆಲೆಸಿದ ಕ್ಯಾಂಪು, ತೆಲುಗು ಮತ್ತು ಕನ್ನಡ ಎರಡರಲ್ಲೂ ಆರಾಧನೆ. ಹಿರಿಯರಾದ ಉಪದೇಶಿಯವರ ಒಂದು ಮಾತನ್ನು ನಾನು ಒಪ್ಪುವುದಿಲ್ಲ, ಗೌರವದಿಂದಲೇ ಹೇಳುತ್ತೇನೆ. ಮಗುವಿಗೆ ದೀಕ್ಷಾಸ್ನಾನ ಕೊಡಿಸುವ ಮಾತನ್ನು ಮದುವೆಯ ದಿನವೇ ತೆಗೆದುಕೊಳ್ಳುವುದು ಹೇಗೆ? ಏನೂ ತಿಳಿಯದ ಕೂಸು ಏನನ್ನು ನಂಬುತ್ತದೆ? ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದದ್ದು ಬೆಳೆದ ಮೇಲೆ. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಮೊದಲು ನಂಬಿಕೆ, ಆಮೇಲೆ ಸ್ನಾನ. ನಮ್ಮಲ್ಲಿ ಕೂಸನ್ನು ಸಭೆಯ ಮುಂದೆ ತಂದು ಪ್ರತಿಷ್ಠೆಯ ಪ್ರಾರ್ಥನೆ ಮಾಡುತ್ತೇವೆ. ಬೆಳೆದು, ಪಶ್ಚಾತ್ತಾಪಪಟ್ಟು, ತಾನೇ ಬಾಯಿಬಿಟ್ಟು ಕೇಳಿದರೆ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ. ಎಡದಂಡೆ ಕಾಲುವೆಯಲ್ಲಿ ನೀರಿದ್ದರೆ ಅಲ್ಲಿ, ಇಲ್ಲದಿದ್ದರೆ ಸಭೆಯ ಪಕ್ಕ ಕಟ್ಟಿಸಿದ ತೊಟ್ಟಿಯಲ್ಲಿ.

ಕೌಲ್‌ಬಜಾರ್ ಉಪದೇಶಿ

ತಮ್ಮಾ, ನಿನ್ನ ಪ್ರಶ್ನೆ ಹಳೆಯದು ಮತ್ತು ಗಟ್ಟಿಯಾದದ್ದು. ನಾವು ನಂಬುವುದೇನೆಂದರೆ, ಸ್ನಾನದೀಕ್ಷೆ ಮೊದಲು ದೇವರು ಮಾಡುವ ಕೆಲಸ, ಮನುಷ್ಯ ಮಾಡುವ ಕೆಲಸ ಆಮೇಲೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯಳು ಮನೆಯವರೊಂದಿಗೆ, ಸೆರೆಮನೆಯ ಅಧಿಕಾರಿ ತನ್ನವರೆಲ್ಲರೊಂದಿಗೆ ದೀಕ್ಷೆ ಪಡೆದರು. ಮನೆಯವರೆಲ್ಲ ಎಂದರೆ ಕೂಸುಗಳೂ ಸೇರಿಯೇ ಎಂದು ಸಭೆ ತಿಳಿದುಕೊಂಡು ಬಂದಿದೆ. ಕೂಸಿನ ಪರವಾಗಿ ಹೆತ್ತವರೂ ಜ್ಞಾನ ತಂದೆತಾಯಿಯರೂ ಉತ್ತರ ಕೊಡುತ್ತಾರೆ. ಬೆಳೆದ ಮೇಲೆ ದೃಢೀಕರಣ ಸಂಸ್ಕಾರದಲ್ಲಿ ಆ ಮಾತನ್ನು ಮಗು ತನ್ನದೇ ಬಾಯಿಂದ ಹೇಳುತ್ತದೆ. ನೀರು ಎರೆದು, ತಂದೆ, ಮಗ ಮತ್ತು ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟ ದೀಕ್ಷೆಯನ್ನು ಸಿಎಸ್‌ಐ ಅಥವಾ ಮೆಥಡಿಸ್ಟ್ ಸಭೆಯವರು ಕೊಟ್ಟಿದ್ದರೂ ನಾವು ಮತ್ತೆ ಕೊಡುವುದಿಲ್ಲ, ಅದೇ ಸಾಕು. ನಿಮ್ಮವರು ಮಾತ್ರ ನಮ್ಮಿಂದ ಬಂದವರಿಗೆ ಮತ್ತೆ ಕೊಡುತ್ತೀರಿ. ಅದು ನನಗೆ ನೋವಿನ ಸಂಗತಿ, ಇಲ್ಲಿ ಹೇಳಿಯೇ ಬಿಡುತ್ತೇನೆ.

ಸಿಂಧನೂರು ಕ್ಯಾಂಪಿನವನು

ನೋವಾಗಲಿ ಎಂದು ಮಾಡುವುದಲ್ಲ ಅಣ್ಣಾ. ಕೂಸಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ ಎಂಬುದು ನಮ್ಮ ನಂಬಿಕೆಯಾದ್ದರಿಂದ, ನಮ್ಮ ಲೆಕ್ಕಕ್ಕೆ ಅದು ಎರಡನೆಯದಾಗುವುದಿಲ್ಲ. ಇದರಲ್ಲಿ ನಾವಿಬ್ಬರೂ ಒಂದಾಗಲು ಆಗದು. ಅಕ್ಕನವರ ಮದುವೆಯ ವಿಷಯಕ್ಕೆ ನನ್ನ ಪ್ರಾರ್ಥನೆ ಇದೆ.

ಸತ್ಯನಾರಾಯಣಪೇಟೆ ಓದುಗ

ನಾನು ಬಳ್ಳಾರಿಯವನೇ, ಕ್ರೈಸ್ತ ಶಾಲೆಯಲ್ಲಿ ಓದಿದವನು, ಕ್ರೈಸ್ತನಲ್ಲ. ಚಿಕ್ಕಂದಿನಿಂದ ಉಳಿದ ಮೂರು ಸಂಶಯಗಳಿವೆ. ಒಬ್ಬನೇ ದೇವರು ಎನ್ನುತ್ತೀರಿ, ಮತ್ತೆ ತಂದೆ, ಮಗ, ಪವಿತ್ರಾತ್ಮ ಎನ್ನುತ್ತೀರಿ. ವಿಗ್ರಹಾರಾಧನೆ ಬೇಡ ಎನ್ನುತ್ತೀರಿ, ಮರಿಯಮ್ಮನ ಪ್ರತಿಮೆಗೆ ಹೂಮಾಲೆ ಹಾಕುತ್ತೀರಿ. ಮತ್ತೊಬ್ಬ ಮನುಷ್ಯನ ಕಿವಿಯಲ್ಲಿ ಪಾಪ ಹೇಳಿಕೊಂಡರೆ ದೇವರು ಹೇಗೆ ಕ್ಷಮಿಸುತ್ತಾನೆ?

ಕೌಲ್‌ಬಜಾರ್ ಉಪದೇಶಿ

ಮೊದಲನೆಯದಕ್ಕೆ ಉಪಮಾನ ಹುಡುಕಬೇಡಿ. ನೀರು, ಮಂಜುಗಡ್ಡೆ, ಆವಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರಬಹುದು. ಅದು ಒಬ್ಬನೇ ಮೂರು ವೇಷ ಹಾಕುತ್ತಾನೆ ಎಂದು ಹೇಳಿದಂತಾಗುತ್ತದೆ, ಸಭೆ ಆ ಮಾತನ್ನು ಮೊದಲ ಶತಮಾನಗಳಲ್ಲೇ ತಳ್ಳಿಹಾಕಿತು. ದೇವರ ಸ್ವರೂಪ ಒಂದೇ, ತಂದೆ, ಮಗ, ಪವಿತ್ರಾತ್ಮ ಎಂಬ ವ್ಯಕ್ತಿಗಳು ಮೂವರು. ಮೂವರು ದೇವರುಗಳಲ್ಲ. ಮಗನು ತಂದೆಗಿಂತ ಕಡಿಮೆಯವನೇ, ಸೃಷ್ಟಿಯಾದವನೇ ಎಂಬ ವಾದ ಎದ್ದಾಗ ಕ್ರಿ.ಶ. 325ರಲ್ಲಿ ನಿಸೇಯ ಎಂಬ ಊರಿನಲ್ಲಿ ಬಿಷಪ್ಪರು ಕೂಡಿ, ಮಗನು ತಂದೆಯೊಂದಿಗೆ ಒಂದೇ ಸ್ವರೂಪದವನು ಎಂದು ಘೋಷಿಸಿದರು. ಆ ಘೋಷಣೆಯ ಮೇಲೆ ನಿಂತ ವಿಶ್ವಾಸ ಸಂಗ್ರಹವನ್ನು ಕ್ಯಾಥೋಲಿಕರೂ ಸಿಎಸ್‌ಐಯವರೂ ಇಂದಿಗೂ ಹೇಳುತ್ತಾರೆ. ಬುದ್ಧಿಗೆ ಪೂರ್ತಿ ದಕ್ಕುತ್ತದೆಯೇ ಎಂದರೆ ಇಲ್ಲ, ದಕ್ಕುತ್ತದೆ ಎಂದು ನಾವು ಯಾರಿಗೂ ಹೇಳುವುದೂ ಇಲ್ಲ.

ಮರಿಯಮ್ಮನವರು ದೇವರಲ್ಲ. ಅವರನ್ನು ಆರಾಧಿಸುವುದು ನಮ್ಮಲ್ಲಿ ಪಾಪ. ನಾವು ಮಾಡುವುದು ಗೌರವ ಮತ್ತು ಬೇಡಿಕೆ: ನಮಗಾಗಿ ಪ್ರಾರ್ಥಿಸಿ ಎಂಬ ಬೇಡಿಕೆ. ಪ್ರತಿಮೆಗೆ ಸಲ್ಲುವ ಗೌರವ ಬೇರೆ, ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ ಎಂದು 787ರಲ್ಲಿ ನಿಸೇಯದಲ್ಲಿ ನಡೆದ ಇನ್ನೊಂದು ಸಭೆ ಗೆರೆ ಎಳೆದಿದೆ. ಜಪಸರದಲ್ಲಿ ಹೇಳುವ ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧ ಲೂಕನ ಸುವಾರ್ತೆಯ 1ನೇ ಅಧ್ಯಾಯದಿಂದ ಬಂದದ್ದು, ದೇವದೂತನೂ ಎಲಿಜಬೇತಳೂ ಹೇಳಿದ ಮಾತು. ನಮ್ಮವರಲ್ಲಿ ಕೆಲವರು ಗೆರೆ ದಾಟಿ ನಡೆದುಕೊಳ್ಳುತ್ತಾರೆಯೇ ಎಂದರೆ, ಹೌದು, ಹರಕೆಯ ಭರದಲ್ಲಿ ನಡೆದುಕೊಳ್ಳುತ್ತಾರೆ. ಧರ್ಮೋಪದೇಶದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇದರ ಮೇಲೆಯೇ.

ಪಾಪನಿವೇದನೆಯಲ್ಲಿ ಕ್ಷಮಿಸುವವನು ದೇವರೇ. ಯೋವಾನ್ನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಪುನರುತ್ಥಾನವಾದ ಯೇಸು ಶಿಷ್ಯರಿಗೆ ಪಾಪ ಕ್ಷಮಿಸುವ ಅಧಿಕಾರ ಕೊಟ್ಟರು, ಆ ಅಧಿಕಾರದಲ್ಲಿ ಗುರುಗಳು ಕ್ಷಮಾವಚನ ಹೇಳುತ್ತಾರೆ. ಕೇಳಿದ್ದನ್ನು ಅವರು ಯಾರಿಗೂ, ಯಾವ ಕಾರಣಕ್ಕೂ, ಜೀವ ಹೋದರೂ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿಗೆ ಬಹಿಷ್ಕಾರವೇ ಶಿಕ್ಷೆ. ಹೇಳಿಕೊಂಡು ಎದ್ದು ಬಂದವನ ಮುಖವನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ನಾನು ಕೊಡಲಾಗದ ಉತ್ತರ ಸಿಗುತ್ತದೆ.

ರಾಯಚೂರು ಮೆಥಡಿಸ್ಟ್

ನಮ್ಮಲ್ಲಿ ಒಬ್ಬೊಬ್ಬರೇ ಗುರುಗಳ ಮುಂದೆ ಹೇಳುವ ಕ್ರಮವಿಲ್ಲ. ಕರ್ತನ ಭೋಜನಕ್ಕೆ ಮೊದಲು ಇಡೀ ಸಭೆ ಒಟ್ಟಾಗಿ ಪಾಪದ ಅರಿಕೆ ಮಾಡುತ್ತದೆ. ಮರಿಯಮ್ಮನನ್ನು ಕರ್ತನ ತಾಯಿ ಎಂದು ಪ್ರೀತಿಸುತ್ತೇವೆ, ಅವರಿಗೆ ಪ್ರಾರ್ಥಿಸುವುದಿಲ್ಲ. ತ್ರಿತ್ವದ ಬಗ್ಗೆ ಉಪದೇಶಿಯವರು ಹೇಳಿದ್ದಕ್ಕೆ ನನ್ನದು ಪೂರ್ತಿ ಸಹಿ.

ಕೊಪ್ಪಳದ ಅಕ್ಕ

ನಿಮ್ಮ ಮಾತುಗಳನ್ನೆಲ್ಲ ಮನೆಯಲ್ಲಿ ಓದಿ ಹೇಳುತ್ತಿದ್ದೇನೆ. ಅವ್ವ ಹೊಸದೊಂದು ಕೇಳಿದ್ದಾಳೆ. ನಮ್ಮ ಗವಿಮಠದ ಜಾತ್ರೆ ಎಂದರೆ ನಮಗೆ ವರ್ಷದ ಹಬ್ಬ. ಜನವರಿ ಹೊತ್ತಿಗೆ ಲಕ್ಷಾಂತರ ಜನ ಮಹಾದಾಸೋಹದಲ್ಲಿ ಉಣ್ಣುತ್ತಾರೆ. ಸೊಸೆ ನಮ್ಮೊಂದಿಗೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆಯೇ? ಮನೆಯ ಪೂಜೆಯ ಪ್ರಸಾದ ಮುಟ್ಟುತ್ತಾಳೆಯೇ?

ಸಿಂಧನೂರು ಕ್ಯಾಂಪಿನವನು

ನಮ್ಮ ಸಭೆಯಲ್ಲಾದರೆ ಪೂಜೆ ಮಾಡಿದ ಪ್ರಸಾದವನ್ನು ತಿನ್ನುವುದಿಲ್ಲ. ಒಂದನೇ ಕೊರಿಂಥ 10ನೇ ಅಧ್ಯಾಯದಲ್ಲಿ ಪೌಲನು, ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ ತಿನ್ನಬೇಡಿ ಎನ್ನುತ್ತಾನೆ. ಆದರೆ ಪಕ್ಕದ ಮನೆಯವರು ಹಬ್ಬದ ಹೋಳಿಗೆ ಕೊಟ್ಟರೆ ನಾವು ಸಂತೋಷದಿಂದ ತಿನ್ನುತ್ತೇವೆ, ಕ್ರಿಸ್ಮಸ್‌ಗೆ ನಾವೂ ಕೊಡುತ್ತೇವೆ.

ಮುದಗಲ್ಲಿನ ಹುಡುಗಿ

ಅದೇ ಪತ್ರದ 8ನೇ ಅಧ್ಯಾಯವನ್ನೂ ಓದಬೇಕು ಅಣ್ಣಾ. ಊಟದಿಂದ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ, ಆದರೆ ಬಲಹೀನ ಮನಸ್ಸಿನವರು ನೋಡಿ ಎಡವಬಾರದು ಎಂಬುದು ಅಲ್ಲಿಯ ಮಾತು. ನಮ್ಮ ಕಡೆಯ ಕ್ಯಾಥೋಲಿಕರಲ್ಲಿ ಹಲವರು ಪ್ರಸಾದವನ್ನು ಗೌರವದಿಂದ ಕೈಯಲ್ಲಿ ತೆಗೆದುಕೊಳ್ಳುತ್ತಾರೆ, ಕೆಲವರು ತಿನ್ನುತ್ತಾರೆ, ಕೆಲವರು ಪಕ್ಕದವರಿಗೆ ಕೊಡುತ್ತಾರೆ. ದಾಸೋಹದ ಊಟ ಬೇರೆ. ಹಸಿದವರಿಗೆ, ಬಂದವರಿಗೆ ಜಾತಿ ಕೇಳದೆ ಹಾಕುವ ಅನ್ನ ಅದು. ನಾನು ಕೊಪ್ಪಳದಲ್ಲಿ ಓದುವಾಗ ಗೆಳತಿಯರೊಂದಿಗೆ ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ, ಮನಸ್ಸಿಗೆ ಯಾವ ಅಳುಕೂ ಬರಲಿಲ್ಲ. ಆದರೆ ಆರತಿ ಎತ್ತು, ಲಿಂಗಪೂಜೆ ಮಾಡು ಎಂದು ಸೊಸೆಗೆ ಹೇಳಬೇಡಿ. ಪಕ್ಕದಲ್ಲಿ ನಿಲ್ಲುವುದು ಬೇರೆ, ತಾನೇ ಪೂಜೆ ಮಾಡುವುದು ಬೇರೆ. ಅಲ್ಲಿ ಅವಳ ವಿಶ್ವಾಸದ ಗಡಿ ಬರುತ್ತದೆ.

ಕೌಲ್‌ಬಜಾರ್ ಉಪದೇಶಿ

ಈ ಹುಡುಗಿ ಹೇಳಿದ್ದನ್ನು ನಾನು ಇನ್ನಷ್ಟು ಒತ್ತಿ ಹೇಳುತ್ತೇನೆ. ಅಕ್ಕನವರೇ, ಎರಡೂ ಮನೆಯಲ್ಲಿ ಇರುವುದನ್ನು ಎರಡು ಪಾಲು ಮಾಡಿ. ವಿಶ್ವಾಸ ಎಂಬ ಪಾಲಿನಲ್ಲಿ ಬಗ್ಗಿಸಲಾಗದವು ಇರುತ್ತವೆ: ಅವಳಿಗೆ ಭಾನುವಾರದ ಪೂಜೆ, ಪರಮಪ್ರಸಾದ, ದೀಕ್ಷೆ, ಬೇರೆ ಪೂಜೆ ಮಾಡದಿರುವುದು, ನಿಮಗೆ ಇಷ್ಟಲಿಂಗ. ವಾಡಿಕೆ ಎಂಬ ಪಾಲಿನಲ್ಲಿ ಅರಿಶಿನ, ಹಂದರ, ತಾಳಿ, ಬಳೆ, ಸೀರೆ, ಊಟ. ವಾಡಿಕೆಯಲ್ಲಿ ಇಬ್ಬರೂ ಎಷ್ಟು ಬೇಕಾದರೂ ಕೊಟ್ಟು ತೆಗೆದುಕೊಳ್ಳಬಹುದು. ವಿಶ್ವಾಸದಲ್ಲಿ ಒಬ್ಬರು ಇನ್ನೊಬ್ಬರನ್ನು ಮುಟ್ಟಬಾರದು. ಮಕ್ಕಳ ಪ್ರಶ್ನೆ ಮಾತ್ರ ಈ ಎರಡೂ ಪಾಲಿಗೆ ಸೇರಿದ್ದು, ಅದಕ್ಕಾಗಿ ಅದನ್ನು ಮೊದಲೇ ಮಾತನಾಡಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಇನ್ನು ದಿನದ ವಿಷಯ. ನಮ್ಮಲ್ಲಿ ಮುಹೂರ್ತ, ರಾಹುಕಾಲ ನೋಡುವುದಿಲ್ಲ. ನಿಮ್ಮ ಮನೆಯವರಿಗೆ ಬೇಕಿದ್ದರೆ ನೋಡಿಸಿ ತಿಳಿಸಿ, ಗುರುಗಳಿಗೆ ಬಿಡುವಿದ್ದರೆ ಆ ಹೊತ್ತಿಗೇ ಇಡಬಹುದು. ಆದರೆ ತಪಸ್ಸುಕಾಲದಲ್ಲಿ ಮದುವೆ ಇಡುವುದನ್ನು ನಮ್ಮ ಮನೆಗಳು ತಪ್ಪಿಸುತ್ತವೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು 40 ದಿನ, ಉಪವಾಸ ಮತ್ತು ಪ್ರಾರ್ಥನೆಯ ಕಾಲ ಅದು. ಈಸ್ಟರ್ ಪ್ರತಿ ವರ್ಷ ಬದಲಾಗುತ್ತದೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರ, ಹಾಗಾಗಿ ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಎಲ್ಲಿಯಾದರೂ ಬೀಳಬಹುದು. ಶುಭ ಶುಕ್ರವಾರವೂ ಮರುದಿನದ ಶನಿವಾರವೂ ಮದುವೆ ಇಲ್ಲವೇ ಇಲ್ಲ. ಅವ್ವನವರಿಗೆ ಇದನ್ನೂ ಹೇಳಿ: ಬೂದಿ ಬುಧವಾರ ನಾವೂ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಹಿಂದಿನ ವರ್ಷ ಗರಿಗಳ ಭಾನುವಾರ ಹಂಚಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಮನುಷ್ಯ ಮಣ್ಣು, ಮಣ್ಣಿಗೇ ಮರಳುತ್ತಾನೆ ಎಂದು ಹೇಳಿ ಗುರುಗಳು ಹಚ್ಚುತ್ತಾರೆ.

ಕೊಪ್ಪಳದ ಅಕ್ಕ

ಕಳೆದ ವಾರ ಬೀಗರು ನಮ್ಮ ಮನೆಗೆ ಬಂದಿದ್ದರು. ಉಪದೇಶಿಯವರು ಹೇಳಿದಂತೆ ಮಕ್ಕಳ ಮಾತನ್ನು ಎಲ್ಲರ ಮುಂದೆಯೇ ಎತ್ತಿದೆವು. ಚಿಕ್ಕಪ್ಪ ಮೊದಲು ಎದ್ದು ಹೊರಗೆ ಹೋದರು, ಆಮೇಲೆ ಬಂದು ಕೂತರು. ಹುಡುಗಿಯೇ ಮಾತನಾಡಿದಳು: ದೀಕ್ಷೆ ಕೊಡಿಸಲು ನಾನು ಪ್ರಯತ್ನಿಸುತ್ತೇನೆ ಎಂದು ಮಾತು ಕೊಡುತ್ತಿದ್ದೇನೆ, ನಿಮಗೆ ಇಂದೇ ಹೇಳುತ್ತಿದ್ದೇನೆ, ಮಗು ಬಸವಣ್ಣನ ವಚನಗಳನ್ನೂ ಅಜ್ಜನ ಬಾಯಿಂದಲೇ ಕಲಿಯಲಿ ಎಂದಳು. ಅಪ್ಪ ಕೂಡಲೇ ಒಪ್ಪಲಿಲ್ಲ. ಎರಡು ದಿನ ಬಿಟ್ಟು, ಮುಚ್ಚಿಡದೆ ಹೇಳಿದಳಲ್ಲ, ಸಾಕು ಎಂದರು. ಚಿಕ್ಕಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಮದುವೆಗೆ ಬರುತ್ತೇನೆ ಎಂದಿದ್ದಾರೆ.

ಚರ್ಚಿನಲ್ಲಿ ತಾಳಿ ಮತ್ತು ಉಂಗುರ ಎರಡೂ, ಮರುದಿನ ನಮ್ಮ ಊರಲ್ಲಿ ಊಟ ಎಂದು ನಿಶ್ಚಯವಾಗಿದೆ. ಈಗ ಕಾಗದಪತ್ರ ಏನೇನು ಬೇಕು ಎಂದು ತಿಳಿಸಿ.

ಕೌಲ್‌ಬಜಾರ್ ಉಪದೇಶಿ

ಬಹಳ ಸಂತೋಷವಾಯಿತು ಅಕ್ಕನವರೇ. ಹುಡುಗಿಯ ಧರ್ಮಕೇಂದ್ರದ ಗುರುಗಳನ್ನು ಇಬ್ಬರೂ ಕೂಡಿ ಮೂರು ತಿಂಗಳು ಮೊದಲೇ ಕಾಣಲಿ, ಬಿಷಪ್ಪರ ಅನುಮತಿಗೆ ಸಮಯ ಬೇಕು. ಹುಡುಗಿ ತನ್ನ ಸ್ನಾನದೀಕ್ಷೆಯ ಪ್ರಮಾಣಪತ್ರವನ್ನು ದೀಕ್ಷೆ ಪಡೆದ ಚರ್ಚಿನಿಂದ ಹೊಸದಾಗಿ ಬರೆಸಿಕೊಂಡು ಬರಬೇಕು, ಹಳೆಯದು ನಡೆಯುವುದಿಲ್ಲ. ಹುಡುಗನಿಗೆ ವಯಸ್ಸಿನ ದಾಖಲೆ, ಆಧಾರ್, ಇದುವರೆಗೆ ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರ, ಅವನನ್ನು ಚೆನ್ನಾಗಿ ಬಲ್ಲ ಇಬ್ಬರ ಸಾಕ್ಷಿ. ಮದುವೆಯ ತಯಾರಿಯ ತರಗತಿ ಇರುತ್ತದೆ, ಇಬ್ಬರೂ ಕೂರಬೇಕು. ಆಮೇಲೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಓದಿ, ಅಡ್ಡಿ ಇರುವವರು ತಿಳಿಸಿ ಎಂದು ಪ್ರಕಟಣೆ ಮಾಡುತ್ತಾರೆ. ಆ ದಿನಗಳಲ್ಲಿ ನಿಮ್ಮ ತಮ್ಮನೂ ಬಂದು ಕೂತರೆ ಜನರಿಗೆ ಪರಿಚಯವಾಗುತ್ತದೆ.

ಗಂಗಾವತಿ ವಕೀಲ

ಮದುವೆಯ ದಿನ ಚರ್ಚಿನ ದಾಖಲೆ ಪುಸ್ತಕದಲ್ಲಿ ಸಹಿ ಮಾಡುವ ಮೊದಲು ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಇರುವಂತೆಯೇ ಇವೆಯೇ ಎಂದು ನೋಡಿ. ನಮ್ಮ ಭಾಗದಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರೆದು ಪಾಸ್‌ಪೋರ್ಟ್ ಹೊತ್ತಿಗೆ ಒದ್ದಾಡುವವರು ಬಹಳ. ಪ್ರಮಾಣಪತ್ರದ ಎರಡು ದೃಢೀಕೃತ ಪ್ರತಿಗಳನ್ನು ಅದೇ ವಾರ ಕೇಳಿ ಪಡೆದುಕೊಳ್ಳಿ.